ಜೀವಂತ ಪ್ರವಾದಿಯ ಮಾತನ್ನು ನಂಬುವುದು, ಅದರಂತೆ ನಡೆಯುವುದು: ಪಾಠದ ಟಿಪ್ಪಣಿ

ಜೀವಂತ ಪ್ರವಾದಿ ಎಂದು ನಾವು ನಂಬುವುದು ನಮ್ಮ ಸಭೆಯ, ಅಂದರೆ ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆಯ (ಮಾರ್ಮನ್ ಸಭೆ), ಅಧ್ಯಕ್ಷರನ್ನು. ಈ ವಾರದ ಪಾಠಕ್ಕೆ ಕೂರುವ ಮೊದಲು ಬೈಬಲಿನ 2 ಅರಸುಗಳು 5ನೇ ಅಧ್ಯಾಯವನ್ನು ಪೂರ್ತಿ ಓದಿಕೊಳ್ಳಿ. ಪ್ರವಾದಿಯ ಮೇಲೆ ನಂಬಿಕೆ ಹೇಗೆ ಹುಟ್ಟುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಭಾಗ ನನಗೆ ಬೇರೆ ಸಿಕ್ಕಿಲ್ಲ.

ನಾಮಾನ ಅರಾಮ್ಯರ ಸೇನಾಪತಿ, ಆದರೆ ಕುಷ್ಠರೋಗಿ. ಕುದುರೆ, ರಥಗಳ ಸಮೇತ ಇಸ್ರಾಯೇಲಿನ ಪ್ರವಾದಿ ಎಲೀಷನ ಬಾಗಿಲಿಗೆ ಬಂದು ನಿಂತ. ಎಲೀಷ ಹೊರಗೂ ಬರಲಿಲ್ಲ, ಆಳಿನ ಕೈಲಿ ಹೇಳಿ ಕಳಿಸಿದ: ಯೊರ್ದನ್ ನದಿಯಲ್ಲಿ ಏಳು ಸಲ ಸ್ನಾನ ಮಾಡು. ನಾಮಾನನಿಗೆ ಸಿಟ್ಟು ನೆತ್ತಿಗೇರಿತು. ದಮಸ್ಕದ ಹೊಳೆಗಳೇನು ಕಡಿಮೆಯೇ ಎಂದು ತಿರುಗಿ ಹೊರಟ. ತಡೆದವರು ಅವನ ಸೇವಕರು: ಪ್ರವಾದಿ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಲ್ಲ, ಇಷ್ಟು ಸಣ್ಣದನ್ನು ಯಾಕೆ ಮಾಡಬಾರದು? ನೀರಿಗಿಳಿಯುವಾಗ ಅವನಲ್ಲಿ ದೊಡ್ಡ ನಂಬಿಕೆಯೇನೂ ಕಾಣುವುದಿಲ್ಲ. ಇಸ್ರಾಯೇಲಿನ ದೇವರನ್ನು ಬಿಟ್ಟರೆ ಬೇರೆ ದೇವರಿಲ್ಲ ಎಂದು ಅವನು ಹೇಳುವುದು 15ನೇ ವಚನದಲ್ಲಿ, ಗುಣವಾದ ಮೇಲೆ. ದೇವರ ಚಿತ್ತದಂತೆ ನಡೆಯಲು ಮನಸ್ಸುಳ್ಳವನಿಗೆ ಬೋಧನೆ ಎಲ್ಲಿಂದ ಬಂತೆಂದು ತಿಳಿಯುತ್ತದೆ ಎನ್ನುತ್ತಾನೆ ಯೇಸು, ಯೋಹಾನ 7:17ರಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ನಮ್ಮ ಸಭೆ ಸ್ಥಾಪನೆಯಾದ ದಿನವೇ, 1830ರ ಏಪ್ರಿಲ್ 6ರಂದು, ಪ್ರವಾದಿಯ ಮಾತನ್ನು ದೇವರ ಬಾಯಿಂದಲೇ ಬಂದಂತೆ ಸ್ವೀಕರಿಸಿ ಎಂಬ ಅಪ್ಪಣೆಯಾಯಿತು (ನಮ್ಮ ಧರ್ಮಗ್ರಂಥಗಳಲ್ಲೊಂದಾದ ಸಿದ್ಧಾಂತ ಮತ್ತು ಒಡಂಬಡಿಕೆಗಳು 21:4-5). ಅಲ್ಲಿ ನಂಬಿಕೆಯ ಜೊತೆಗೆ ತಾಳ್ಮೆಯನ್ನೂ ಕೇಳಿದೆ. ತಾಳ್ಮೆಯನ್ನು ನಾವು ಓದಿಯೂ ಓದದಂತೆ ದಾಟಿಬಿಡುತ್ತೇವೆ.

ಬೆಳಗಾವಿಯಲ್ಲಿ ಆ ತಾಳ್ಮೆ ಬೇಕಾಗುವುದು ಚಹಾದ ಹೊತ್ತಿಗೆ. ಅದೇ ಗ್ರಂಥದ, 1833ರಲ್ಲಿ ಬಂದ 89ನೇ ವಿಭಾಗದಲ್ಲಿ ಬಿಸಿ ಪಾನೀಯ ಬೇಡ ಎಂದಷ್ಟೇ ಇದೆ. ಅದು ಚಹಾ, ಕಾಫಿ ಎಂದು ಬಿಡಿಸಿ ಹೇಳಿದವರು ಸಭೆಯ ನಾಯಕರು. ಮೊದಲು ಅದು ಆಜ್ಞೆಯಾಗಿಯೂ ಬರಲಿಲ್ಲ, ಸಲಹೆಯಾಗಿ ಬಂತು. ನಮ್ಮ ಕಡೆ ಹೊಸ್ತಿಲು ದಾಟುವುದರೊಳಗೆ ಒಲೆಯ ಮೇಲೆ ಚಹಾ ಏರಿರುತ್ತದೆ. "ಚಾ ಒಲ್ಲೆ ಅಂದ್ರ ಹೆಂಗ್ರಿ, ಅರ್ಧಾ ಕಪ್ಪರ ತಗೋರಿ" ಎಂದು ಬಶಿಯಲ್ಲಿ ಕಪ್ಪಿಟ್ಟು ಮುಂದೆ ಹಿಡಿದರೆ, ಬೇಡವೆನ್ನಲು ನಾಲಿಗೆ ಏಳುವುದಿಲ್ಲ. "ಕಾಕೂ, ಸಿಟ್ಟಾಗಬ್ಯಾಡ್ರಿ, ಒಂದು ಗ್ಲಾಸ್ ಮಜ್ಜಿಗಿ ಕೊಡ್ರಿ" ಎಂದರೆ ಅವರಿಗೂ ಸಮಾಧಾನ, ನಮಗೂ. ನಾಮಾನನಿಗೆ ಹೇಳಿದಷ್ಟೇ ಸಣ್ಣ ಕೆಲಸ ಇದು. ಸಣ್ಣದಾದ್ದರಿಂದಲೇ "ಇದರಲ್ಲೇನಿದೆ" ಎಂದು ಮನಸ್ಸು ವಾದಕ್ಕಿಳಿಯುತ್ತದೆ.

ಕೆಲವು ಸಲಹೆಗಳ ಕಾರಣ ಆಮೇಲೆ ಕಾಣುತ್ತದೆ. 2018ರ ಅಕ್ಟೋಬರಿನಲ್ಲಿ ಅಧ್ಯಕ್ಷ ರಸ್ಸೆಲ್ ಎಂ. ನೆಲ್ಸನ್ ಭಾನುವಾರದ ಸಭೆಯನ್ನು 3 ತಾಸಿನಿಂದ 2 ತಾಸಿಗೆ ಇಳಿಸಿ, ಮನೆಯೇ ಕಲಿಕೆಯ ಕೇಂದ್ರವಾಗಲಿ ಎಂದರು. 2019ರ ಜನವರಿಯಿಂದ ಮನೆಮನೆಯಲ್ಲಿ ಓದು ಶುರುವಾಯಿತು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಜಗತ್ತಿನೆಲ್ಲೆಡೆ ಆರಾಧನಾ ಸಭೆಗಳು ನಿಂತಾಗ, ಮನೆಯಲ್ಲೇ ಕೂತು ಓದುವ ರೂಢಿ ಆಗಲೇ ಬಂದಿತ್ತು. ಇದನ್ನು ನಾನು ಪುರಾವೆ ಎಂದು ಕೊಡುತ್ತಿಲ್ಲ. ನನ್ನ ನಂಬಿಕೆ ಗಟ್ಟಿಯಾದದ್ದು ಮಾತ್ರ ಇಲ್ಲಿ. 2025ರಲ್ಲಿ ಅವರು ತೀರಿಕೊಂಡ ಮೇಲೆ ಡಾಲಿನ್ ಎಚ್. ಓಕ್ಸ್ ಅಧ್ಯಕ್ಷರಾದರು. ನಾವು ಆತುಕೊಂಡಿರುವುದು ವ್ಯಕ್ತಿಯನ್ನಲ್ಲ, ಅವರನ್ನು ಕರೆದ ದೇವರನ್ನು.

ಹಾಗೆಂದು ಕಣ್ಣು ಮುಚ್ಚಿ ತಲೆಯಾಡಿಸಬೇಕೆಂದಲ್ಲ. ನಾಯಕರನ್ನು ಅತಿಯಾಗಿ ನೆಚ್ಚಿಕೊಂಡು ಜನ ತಾವೇ ದೇವರನ್ನು ಕೇಳುವುದನ್ನು ಬಿಟ್ಟಾರು ಎಂದು ಸಭೆಯ ಎರಡನೇ ಅಧ್ಯಕ್ಷ ಬ್ರಿಗಮ್ ಯಂಗ್ ಅವರೇ ಆತಂಕಪಟ್ಟಿದ್ದರು. ಮಾರ್ಮನ್ ಗ್ರಂಥದ ಆಲ್ಮನು ಸ್ವತಃ ಪ್ರವಾದಿ; ಆದರೂ ಸತ್ಯ ತಿಳಿಯಲು ಅನೇಕ ದಿನ ಉಪವಾಸವಿದ್ದು ಪ್ರಾರ್ಥಿಸಿದೆ ಎನ್ನುತ್ತಾನೆ (ಆಲ್ಮ 5:46). ಒಂದು ಸಲಹೆ ಗಂಟಲಲ್ಲಿ ಇಳಿಯದಿದ್ದರೆ ಅದನ್ನೇ ಹೆಸರಿಟ್ಟು ಪ್ರಾರ್ಥನೆಗೆ ತನ್ನಿ. ಗೊಣಗುತ್ತ ಪಾಲಿಸುವುದಕ್ಕಿಂತ, ಗೊಣಗುತ್ತ ಬಿಡುವುದಕ್ಕಿಂತ ಅದು ಮೇಲು.

ಸಭೆಯ ನಾಯಕರು ಎಲ್ಲ ಸದಸ್ಯರಿಗೂ ಬೋಧಿಸುವ ಮಹಾ ಸಮ್ಮೇಳನ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ. ಸಾಲ್ಟ್ ಲೇಕ್ ಸಿಟಿಯಲ್ಲಿ ಶನಿವಾರ ಬೆಳಗಿನ 10 ಗಂಟೆ ಎಂದರೆ ನಮಗೆ ರಾತ್ರಿ 9:30. ಊಟ ಬೇಗ ಮುಗಿಸಿ ಕೂತುಕೊಳ್ಳಿ. ಹತ್ತು ಪುಟ ಬರೆದುಕೊಳ್ಳಬೇಡಿ; ಅಧ್ಯಕ್ಷರು ಹೇಳಿದ ಒಂದೇ ಒಂದು ಸಲಹೆ ಆರಿಸಿ, ಸೋಮವಾರದಿಂದ ಮಾಡಲು ಶುರು ಮಾಡಿ. ಮುಂದಿನ ಪಾಠಕ್ಕೆ ಯೆರೆಮೀಯ 28: ದೇವರ ಮಾತು ಎಂದೇ ಹೇಳುತ್ತ ಯೆರೆಮೀಯನೂ ಹನನ್ಯನೂ ಎದುರುಬದುರಾದಾಗ ಕೇಳುಗರು ಯಾರನ್ನು ನಂಬಬೇಕಿತ್ತು, ಯಾಕೆ ಎಂದು ಯೋಚಿಸಿಕೊಂಡು ಬನ್ನಿ.