ಯಾಟ್ ಅಷ್ಟೊಂದು ವಾಲುತ್ತಲ್ಲ, ಮಗುಚಿ ಬೀಳಲ್ವಾ?

ಪ್ರಶ್ನೆ: ಸಾರ್, ಮನೆಯವರು ಆರು ಜನ ಸೀಶೆಲ್ಸ್‌ಗೆ ಹೋಗಿ ಒಂದು ವಾರ ಯಾಟ್ (ಹಾಯಿದೋಣಿ) ಬಾಡಿಗೆಗೆ ತಗೊಂಡು ದ್ವೀಪದಿಂದ ದ್ವೀಪಕ್ಕೆ ಸುತ್ತೋಣ ಅಂತ ಆಸೆ. ನಮ್ಮಲ್ಲಿ ಯಾರಿಗೂ ದೋಣಿ ನಡೆಸೋಕೆ ಬರಲ್ಲ. ವಿಡಿಯೋದಲ್ಲಿ ನೋಡಿದ್ರೆ ಯಾಟ್ ಒಂದು ಕಡೆಗೆ ಪೂರ್ತಿ ವಾಲ್ಕೊಂಡು ಹೋಗ್ತಿರುತ್ತೆ, ಅದನ್ನ ನೋಡಿ ನಮ್ಮತ್ತೆ ನಾನು ಕಾಲೇ ಇಡಲ್ಲ ಅಂತ ಕೂತಿದಾರೆ. ಗಾಳಿ ಜೋರಾದ್ರೆ ಮಗುಚಲ್ವಾ?

ಮೊದಲ ಅರ್ಧಕ್ಕೆ ಬೇಗ ಉತ್ತರ ಹೇಳಿಬಿಡ್ತೀನಿ. ನಡೆಸೋಕೆ ಬರದಿದ್ರೆ ಸ್ಕಿಪ್ಪರ್, ಅಂದ್ರೆ ದೋಣಿ ನಡೆಸೋರ ಸಮೇತ ತಗೊಳ್ಳಿ. ಬರೀ ದೋಣಿ ಕೊಡೋದಕ್ಕೆ ಬೇರ್‌ಬೋಟ್ ಅಂತಾರೆ, ಅದಕ್ಕೆ ಸೇಲಿಂಗ್ ಸರ್ಟಿಫಿಕೇಟು, ಇಲ್ಲೀತನಕ ಎಲ್ಲೆಲ್ಲಿ ಎಷ್ಟು ದಿನ ನಡೆಸಿದೀರಿ ಅನ್ನೋ ಪಟ್ಟಿ ಕೇಳ್ತಾರೆ, ಕಾರಿನ ಲೈಸೆನ್ಸ್ ತೋರಿಸಿದ್ರೆ ನಡೆಯಲ್ಲ. ಸ್ಕಿಪ್ಪರ್‌ಗೆ ದಿನದ ಸಂಬಳ ಬೇರೆ, ಊಟ ನಿಮ್ಮದೇ, ಮಲಗೋಕೆ ಒಂದು ಕ್ಯಾಬಿನ್ನೂ ಬೇಕು. ಆರು ಜನಕ್ಕೆ ಮೂರು ಕ್ಯಾಬಿನ್ ಸಾಕು ಅಂತ ಬುಕ್ ಮಾಡಿ ಆಮೇಲೆ ಅವರನ್ನ ಸೋಫಾ ಮೇಲೆ ಮಲಗಿಸೋ ಕೆಲಸ ದಯವಿಟ್ಟು ಮಾಡಬೇಡಿ, ಇಡೀ ದಿನ ನಿಮ್ಮನ್ನೆಲ್ಲ ನೋಡ್ಕೊಳ್ಳೋರು ಅವರು, ಅವರಿಗೆ ನಿದ್ದೆ ಚೆನ್ನಾಗಿ ಆಗಬೇಕು. ಡೀಸೆಲ್, ದಿನಸಿ, ಮರೀನ್ ಪಾರ್ಕ್ ಫೀಸು, ಡೆಪಾಸಿಟ್ಟು ಇದೆಲ್ಲ ಬಾಡಿಗೆ ಮೇಲೆ ಬರಬಹುದು, ಯಾವುದು ಸೇರಿದೆ ಯಾವುದು ಸೇರಿಲ್ಲ ಅಂತ ಮೊದಲೇ ಕೇಳಿ ಬರೆಸ್ಕೊಳ್ಳಿ.

ಈಗ ಮಗುಚೋ ವಿಷಯಕ್ಕೆ ಬರ್ತೀನಿ. ಇದನ್ನ ನಾನು ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಫೋನಲ್ಲಿ ಹೇಳಿದೀನಿ, ಮದುವೆ ಮನೆ ಪಂಕ್ತೀಲಿ ಕೂತು ಎಲೆ ಮೇಲೆ ಹಪ್ಪಳ ನಿಲ್ಲಿಸಿ ತೋರಿಸಿದೀನಿ, ಆದ್ರೂ ಮತ್ತೆ ಅದೇ ಪ್ರಶ್ನೆ. ಸರಿ, ಇವತ್ತು ಪೂರ್ತಿ ಬರೆದೇ ಬಿಡ್ತೀನಿ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾವು ಹತ್ತಿರೋ ದೋಣಿಗಳೆಲ್ಲ ಕೆರೆ, ಹೊಳೆ, ಹಿನ್ನೀರಿನವು. ತಳ ಚಪ್ಪಟೆ, ಭಾರ ಅಂತ ಇರೋದು ಮೇಲೆ ಕೂತಿರೋ ನಾವೇ. ಹತ್ತು ಜನ ಒಟ್ಟಿಗೆ ಒಂದೇ ಕಡೆ ಫೋಟೋಗೆ ಎದ್ದು ನಿಂತ್ರೆ ಮುಗೀತು. ದೋಣಿಯವರು "ಕೂತ್ಕೊಳ್ರೀ, ಕೂತ್ಕೊಳ್ರೀ" ಅಂತ ಕೂಗೋದನ್ನ ಕೇಳ್ಕೊಂಡೇ ಬೆಳೆದವರು ನಾವು. ಅಲ್ಲಿ ವಾಲೋದು ಅಂದ್ರೆ ಅಪಾಯನೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ದೋಣಿಯ ಲೆಕ್ಕ ತಂದು ಯಾಟ್‌ಗೆ ಹಾಕಿದ್ರೆ ತಪ್ಪಾಗುತ್ತೆ.

ಯಾಟ್‌ನ ಹೊಟ್ಟೆ ಕೆಳಗೆ ಮೀನಿನ ರೆಕ್ಕೆ ಥರ ಒಂದು ಭಾಗ ನೀರೊಳಗೆ ಇಳಿದಿರುತ್ತೆ, ಅದೇ ಕೀಲ್. ಸುಮ್ನೆ ಹಲಗೆ ಅಲ್ಲ, ಎರಕದ ಕಬ್ಬಿಣ ಇಲ್ಲಾ ಸೀಸ. 40 ಅಡಿ ಯಾಟ್ ಸುಮಾರು 8 ಟನ್ ತೂಗುತ್ತೆ ಅಂದ್ರೆ ಅದರಲ್ಲಿ 2 ಟನ್ನಿಗೂ ಮೇಲೆ ಈ ಕೀಲೇ ಇರುತ್ತೆ, ಅದು ನೀರಿನ ಮಟ್ಟದಿಂದ ಹೆಚ್ಚುಕಮ್ಮಿ 2 ಮೀಟರ್ ಕೆಳಗಿನ ತನಕ ಹೋಗುತ್ತೆ. ದಸರಾಕ್ಕೆ ಗೊಂಬೆ ಕೂರಿಸೋ ಮನೇಲಿ ತಂಜಾವೂರು ಗೊಂಬೆ ನೋಡಿದೀರಲ್ಲ, ಬುಡ ಭಾರ, ಮಕ್ಕಳು ಎಷ್ಟು ಸಲ ತಳ್ಳಿದ್ರೂ ತೂಗಾಡಿ ಎದ್ದು ನಿಲ್ಲುತ್ತೆ, ಅದೇ ಸೂತ್ರ.

ಹಾಯಿ ಗಾಳಿ ಹಿಡಿದಾಗ ದೋಣಿ ವಾಲುತ್ತೆ, ವಾಲಲೇಬೇಕು. ವಾಲ್ತಾ ಹೋದ ಹಾಗೆ ಹಾಯಿ ಗಾಳಿಗೆ ಓರೆ ಆಗುತ್ತೆ, ಗಾಳಿ ಮೇಲಿಂದ ಜಾರಿ ಹೋಗುತ್ತೆ, ತಳ್ಳೋ ಶಕ್ತಿ ಕಮ್ಮಿ ಆಗುತ್ತೆ. ಅದೇ ಹೊತ್ತಿಗೆ ಕೆಳಗೆ ಕೀಲ್ ನೇರ ಇದ್ದಿದ್ದು ಪಕ್ಕಕ್ಕೆ ಚಾಚ್ಕೊಳ್ಳುತ್ತೆ. ತುಂಬಿದ ಕೊಡನ ಸೊಂಟಕ್ಕೆ ಒತ್ತಿ ಹಿಡಿದ್ರೆ ಎಷ್ಟು ದೂರ ಬೇಕಾದ್ರೂ ನಡೀತೀವಿ, ಅದೇ ಕೊಡನ ಕೈ ಚಾಚಿ ಹಿಡಿದ್ರೆ ಭುಜ ಕಿತ್ತು ಬರುತ್ತೆ ಅಲ್ವಾ? ಕೀಲ್‌ನ 2 ಟನ್ ಹಾಗೆ ಚಾಚಿ ದೋಣೀನ ವಾಪಸ್ ಎಳೆಯುತ್ತೆ. ಅಂದ್ರೆ ಜಾಸ್ತಿ ವಾಲಿದಷ್ಟೂ ಮಗುಚಿಸೋ ಬಲ ಕುಗ್ಗುತ್ತೆ, ಎತ್ತಿ ನಿಲ್ಲಿಸೋ ಬಲ ಬೆಳೆಯುತ್ತೆ. ಒಂದು ಹದದ ಹತ್ರ ಎರಡೂ ಸಮ ಆಗಿ ದೋಣಿ ಅಲ್ಲೇ ನಿಲ್ಲುತ್ತೆ. ಮಾಮೂಲಿ ದಿನ 15ರಿಂದ 20 ಡಿಗ್ರಿ. ಅದಕ್ಕಿಂತ ತುಂಬಾ ಜಾಸ್ತಿ ವಾಲಿದ್ರೆ ಚುಕ್ಕಾಣಿ ಮಾತು ಕೇಳದೆ ದೋಣಿ ತಾನಾಗೇ ಮೂತೀನ ಗಾಳಿ ಕಡೆ ತಿರುಗಿಸ್ಕೊಳ್ಳುತ್ತೆ, ಹಾಯಿ ಪಟಪಟ ಹೊಡ್ಕೊಂಡು ಖಾಲಿ ಆಗುತ್ತೆ, ದೋಣಿ ಎದ್ದು ನಿಲ್ಲುತ್ತೆ. ಒಳ್ಳೆ ಸ್ಕಿಪ್ಪರ್ ಅಲ್ಲೀತನಕ ಬಿಡೋದೇ ಇಲ್ಲ, 18-20 ನಾಟ್ (ಗಂಟೆಗೆ ಸುಮಾರು 33-37 ಕಿ.ಮೀ.) ಗಾಳಿಗೇ ಹಾಯಿ ಸ್ವಲ್ಪ ಇಳಿಸಿ ಕಟ್ಟಿ ಸಣ್ಣದು ಮಾಡ್ತಾರೆ, ಅದಕ್ಕೆ ರೀಫ್ ಹಾಕೋದು ಅಂತಾರೆ.

ನಮ್ಮತ್ತೆಗೂ ಇದೇ ಭಯ ಇತ್ತು. ಆಗಸ್ಟ್ ತಿಂಗಳು, ಸೀಶೆಲ್ಸ್‌ನ ಮಾಹೆ ದ್ವೀಪದಿಂದ ಪ್ರಸ್ಲಿನ್ ದ್ವೀಪಕ್ಕೆ ಹೊರಟಿದ್ವಿ, 25 ನಾಟಿಕಲ್ ಮೈಲಿ (ಸುಮಾರು 46 ಕಿ.ಮೀ.) ಹತ್ರ, ನಾಲ್ಕು ಗಂಟೆಗೂ ಮೇಲಿನ ದಾರಿ. ಅತ್ತೆ ಕೆಳಗೆ ಹಾಲು ಕಾಯಿಸೋಕೆ ಇಟ್ಟಿದ್ರು, ಇದ್ದಕ್ಕಿದ್ದ ಹಾಗೆ "ಅಯ್ಯೋ ಬಾರೋ, ಒಲೆ ವಾಲ್ಬಿಟ್ಟಿದೆ, ಹಾಲು ಚೆಲ್ಲುತ್ತೆ" ಅಂತ ಕೂಗಿದ್ರು. ಹೋಗಿ ನೋಡಿದ್ರೆ ಪಾತ್ರೇಲಿ ಹಾಲು ತಟ್ಟೆ ಥರ ಮಟ್ಟಸವಾಗಿ ನಿಂತಿದೆ. ಯಾಟ್‌ನ ಒಲೆ ಎರಡು ಪಕ್ಕ ತಿರುಗೋ ಗೂಟದ ಮೇಲೆ ತೊಟ್ಟಿಲಂತೆ ತೂಗಾಡ್ಕೊಂಡಿರುತ್ತೆ, ದೋಣಿ ಹೇಗೆ ವಾಲಿದ್ರೂ ಒಲೆ ನೆಟ್ಟಗೇ ಇರುತ್ತೆ, ಪಾತ್ರೆ ಜಾರದ ಹಾಗೆ ಎರಡು ಕಡೆ ಕ್ಲ್ಯಾಂಪು. ವಾಲಿದ್ದು ಒಲೆ ಅಲ್ಲ ಅತ್ತೆ, ನಾವು ನಿಂತಿರೋ ನೆಲ ಅಂದೆ. ಅವರು ಒಂದು ನಿಮಿಷ ಹಾಲನ್ನೇ ನೋಡ್ತಾ ನಿಂತ್ರು, ಆಮೇಲೆ ಕಾಫಿ ಬೆರೆಸಿ ಮೇಲೆ ತಂದುಕೊಟ್ರು, ವಾಪಸ್ ಬರೋ ದಿನ ಚುಕ್ಕಾಣೀನೂ ಹಿಡಿದ್ರು.

ಇಷ್ಟು ಹೇಳಿದ್ಮೇಲೆ ಯಾರಾದ್ರೂ ಕೇಳೇ ಕೇಳ್ತಾರೆ, ಹಾಗಾದ್ರೆ ಸಿಸಿಲೀಲಿ ಮುಳುಗಿದ್ದು ಏನು ಅಂತ. 2024ರ ಆಗಸ್ಟ್ 19ಕ್ಕೆ ಬೇಯೇಸಿಯನ್ ಅನ್ನೋ 56 ಮೀಟರ್ ಉದ್ದದ ಸೂಪರ್‌ಯಾಟ್ ಬಿರುಗಾಳಿಗೆ ಸಿಕ್ಕಿ ಮುಳುಗಿತು, 7 ಜನ ಹೋದ್ರು. ಅದರ ಮಾಸ್ಟೇ, ಅಂದ್ರೆ ಹಾಯಿ ಕಂಬವೇ 70 ಮೀಟರಿಗಿಂತ ಎತ್ತರ, ಹೊಟ್ಟೆ ಕೆಳಗೆ ಇಳಿಸಿ ಎತ್ತೋ ಥರದ ಸೆಂಟರ್‌ಬೋರ್ಡ್ ಅನ್ನೋ ಹಲಗೆ ಇತ್ತು, ಆವತ್ತು ಅದು ಮೇಲೆತ್ತಿತ್ತು. ಹಾಯಿ ಬಿಚ್ಚಿರಲೇ ಇಲ್ಲ, ಲಂಗರು ಹಾಕಿ ನಿಂತಿತ್ತು. ದಯವಿಟ್ಟು ಅದನ್ನೂ ಹಾಯಿ ಬಿಚ್ಕೊಂಡು ಹದವಾಗಿ ವಾಲಿ ಓಡೋ 40 ಅಡಿ ಬಾಡಿಗೆ ಯಾಟನ್ನೂ ಒಂದೇ ತಕ್ಕಡೀಲಿ ಹಾಕಬೇಡಿ. ಸಣ್ಣ ಯಾಟೂ ಮಗುಚಬಹುದು, ನಡುಸಮುದ್ರದಲ್ಲಿ ಮುರಿದು ಬೀಳೋ ದೊಡ್ಡ ಅಲೆ ಪಕ್ಕದಿಂದ ಹೊಡೆದ್ರೆ. ಅಂಥ ಹವಾಮಾನದಲ್ಲಿ ಬಾಡಿಗೆ ಕಂಪನಿ ದೋಣೀನ ಕಟ್ಟೆಯಿಂದ ಬಿಚ್ಚೋಕೂ ಬಿಡಲ್ಲ. ಮಾಹೆ, ಪ್ರಸ್ಲಿನ್, ಲಾ ಡೀಗ್ ಇರೋದು ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಬರೀ 4-5 ಡಿಗ್ರೀಲಿ, ಸೈಕ್ಲೋನ್ ಪಟ್ಟಿಯಿಂದ ಹೊರಗೆ.

ಇನ್ನು "ನಮಗೆ ವಾಲೋದೇ ಬೇಡ, ಕ್ಯಾಟಮರಾನ್ ಕೊಡಿ, ಅದು ಮಗುಚಲ್ಲ" ಅನ್ನೋರು. ಅಕ್ಕಪಕ್ಕ ಎರಡು ಹೊಟ್ಟೆ ಜೋಡಿಸಿರೋ ದೋಣಿ ಅದು. ಕ್ಯಾಟಮರಾನ್ ತಗೊಳ್ಳಿ, ವಯಸ್ಸಾದವರಿಗೆ ಒಳ್ಳೇದು, ಜಾಗ ಜಾಸ್ತಿ, ಆರು ಜನರ ಮನೆಗೆ ನಾನೂ ಅದನ್ನೇ ಹೇಳ್ತೀನಿ. ಕಾರಣ ಮಾತ್ರ ತಪ್ಪು. ಕ್ಯಾಟಮರಾನ್ ನಿಲ್ಲೋದು ಅಗಲದ ಬಲದ ಮೇಲೆ, 40 ಅಡಿಯದು 6-7 ಮೀಟರ್ ಅಗಲ. ಭಾರದ ಕೀಲ್ ಅದಕ್ಕಿಲ್ಲ, ಹಾಗಾಗಿ ಪೂರ್ತಿ ಮಗುಚಿದ್ರೆ ತಾನಾಗಿ ಏಳಲ್ಲ. ಒಂದೇ ಹೊಟ್ಟೆಯ ಯಾಟ್ ವಾಲಿ "ಸಾಕು, ಹಾಯಿ ಇಳಿಸು" ಅಂತ ಹೇಳುತ್ತೆ, ಕ್ಯಾಟಮರಾನ್ ಹಾಗೆ ಹೇಳಲ್ಲ, ಅದಕ್ಕೇ ಅಲ್ಲಿ ಗಾಳಿ ಮೀಟರ್ ನೋಡಿ ಇಂತಿಷ್ಟು ನಾಟ್‌ಗೆ ಇಂತಿಷ್ಟು ಹಾಯಿ ಅಂತ ಲೆಕ್ಕದ ಮೇಲೆ ಇಳಿಸ್ತಾರೆ. ಈಗ ಹೇಳಿ, ವಾಲೋದು ದೋಷನೋ ಗುಣನೋ?

ನಿಜವಾಗ್ಲೂ ಹುಷಾರಾಗಿರಬೇಕಾದ್ದು ಬೇರೆ ಕಡೆ. ಹಾಯಿಯ ಕೆಳಗಿನ ಅಡ್ಡಕಂಬ, ಬೂಮ್ ಅಂತಾರೆ, ಅದು ಸರ್ರಂತ ಈ ಕಡೆಯಿಂದ ಆ ಕಡೆಗೆ ಬಂದಾಗ ತಲೆ ಅಲ್ಲಿರಬಾರದು. ದಡಕ್ಕೆ ಹೋಗಿ ಬರೋ ಪುಟ್ಟ ದೋಣಿ ಡಿಂಗಿಯಿಂದ ಯಾಟ್‌ಗೆ ಹತ್ತುವಾಗ ಒಂದು ಕೈ ಯಾವಾಗಲೂ ಹಿಡಿಕೆ ಮೇಲೆ, ಇಂಜಿನ್ ಓಡ್ತಿರುವಾಗ ಯಾರೂ ನೀರಲ್ಲಿರಬಾರದು, ಈಜು ಬರದವರಿಗೆ ಡೆಕ್ ಮೇಲೆ ಲೈಫ್ ಜಾಕೆಟ್ಟು. ವಾಂತಿ ಮಾತ್ರೆ ವೈದ್ಯರನ್ನ ಕೇಳಿ ಹೊರಡೋ ಮುಂಚೇನೇ ತಗೊಳ್ಳಿ, ತಲೆ ತಿರುಗೋಕೆ ಶುರುವಾದ್ಮೇಲೆ ಲೇಟಾಗಿರುತ್ತೆ. ನಿಮ್ಮತ್ತೆಗೋಸ್ಕರ ಆದ್ರೆ ಏಪ್ರಿಲ್ ಇಲ್ಲಾ ಅಕ್ಟೋಬರ್-ನವೆಂಬರ್ ನೋಡಿ, ಗಾಳಿ ದಿಕ್ಕು ಬದಲಾಯಿಸೋ ಸಮಯ, ಸಮುದ್ರ ಮೆತ್ತಗಿರುತ್ತೆ. ಮೇಯಿಂದ ಸೆಪ್ಟೆಂಬರ್ ಆಗ್ನೇಯದ ಗಾಳಿ ಜೋರು, ಹಾಯಿ ಹುಚ್ಚಿರೋರಿಗೆ ಅದೇ ಹಬ್ಬ. ಆಗ ಪ್ರಸ್ಲಿನ್‌ಗೆ ಹೋಗ್ತಾ ಗಾಳಿ ಬಲಗಡೆಯಿಂದ ಬಂದು ದೋಣಿ ಎಡಕ್ಕೆ ವಾಲುತ್ತೆ, ಬರ್ತಾ ಬಲಕ್ಕೆ, ಬ್ಯಾಗುಗಳನ್ನ ಅದೇ ಲೆಕ್ಕದಲ್ಲಿ ಇಡಿ.

ನೀವು ಕೇಳಿಲ್ಲ, ಆದ್ರೂ ಲಂಗರಿನ ವಿಷಯ ಹೇಳದೆ ಇರೋಕಾಗಲ್ಲ. ರಾತ್ರಿ ಯಾಟ್ ಓಡಲ್ಲ, ಬಾಡಿಗೆ ಕರಾರಿನಲ್ಲೇ ಸಾಮಾನ್ಯವಾಗಿ ಬೇಡ ಅಂತ ಇರುತ್ತೆ, ಸೀಶೆಲ್ಸ್‌ನಲ್ಲಿ ಆರೂವರೆಗೆಲ್ಲ ಕತ್ತಲು, ಅಷ್ಟರೊಳಗೆ ಲಂಗರು ಬಿದ್ದಿರಬೇಕು. ಲಂಗರು ಹಿಡಿಯೋದು ಬರೀ ಅದರ ತೂಕದಿಂದ ಅಂದ್ಕೊಂಡಿದೀರಾ? ಅಲ್ಲ, ಕೊಕ್ಕೆ ಮರಳಲ್ಲಿ ಹೂತ್ಕೋಬೇಕು, ಎಳೆತ ಅಡ್ಡಡ್ಡ ಬರಬೇಕು, ಅದಕ್ಕೆ ಆಳದ ನಾಲ್ಕೈದು ಪಟ್ಟು ಸರಪಳಿ ಬಿಡ್ತಾರೆ, 6 ಮೀಟರ್ ನೀರಿಗೆ 30 ಮೀಟರ್. ಹವಳದ ಮೇಲೆ ಖಂಡಿತ ಹಾಕಬಾರದು, ನೂರಾರು ವರ್ಷ ಬೆಳೆದಿದ್ದು ಒಂದೇ ಎಳೆತಕ್ಕೆ ಪುಡಿ ಆಗುತ್ತೆ. ನೀರು ತಿಳಿಯಾಗಿರುತ್ತಲ್ಲ, ಮೇಲಿಂದ ನೋಡಿದ್ರೆ ಮರಳು ತಿಳಿ ಹಸಿರು, ಹವಳ ಕಪ್ಪು. ಹಾಕಿದ್ಮೇಲೆ ಇಂಜಿನ್ ರಿವರ್ಸ್ ಕೊಟ್ಟು ಎಳೆದು ನೋಡ್ತಾರೆ, ಇಂಜಿನ್ ನಿಂತ ಮೇಲೆ ನೀವು ಈಜೋ ಕನ್ನಡಕ ಹಾಕ್ಕೊಂಡು ಧುಮುಕಿ ಕೊಕ್ಕೆ ಹೂತಿದೆಯಾ ಅಂತ ನೋಡ್ಕೊಂಡು ಬಂದ್ರೆ ಸ್ಕಿಪ್ಪರ್‌ಗೆ ಖುಷಿ ಆಗುತ್ತೆ.

ಆಮೇಲೆ ತೀರದಲ್ಲಿ ಒಂದರ ಹಿಂದೆ ಒಂದು ನೇರ ಕಾಣೋ ಎರಡು ಗುರುತು ಹಿಡ್ಕೊಳ್ಳಿ, ಅವು ಗೆರೆ ತಪ್ಪಿದ್ರೆ ಲಂಗರು ಜಾರಿರಬಹುದು ಅಂತ ಅರ್ಥ. ಪ್ರಸ್ಲಿನ್‌ನ ಆನ್ಸ್ ಲಾಜಿಯೊದಲ್ಲಿ ನಾವು ಹಿಡಿದಿದ್ದು ಒಂದು ಬಂಡೆ, ಅದರ ಹಿಂದೊಂದು ಒಂಟಿ ತೆಂಗಿನಮರ. ರಾತ್ರಿ ಎರಡು ಗಂಟೆಗೆ ಎದ್ದು ಮೇಲೆ ಬಂದ್ರೆ ಅತ್ತೆ ಆಗಲೇ ಶಾಲು ಹೊದ್ಕೊಂಡು ಕೂತಿದ್ರು. "ಮರ ಬಂಡೆ ಹಿಂದೇನೇ ಇದೆ ಕಣೋ, ಹೋಗಿ ಮಲಕ್ಕೋ" ಅಂದ್ರು.