ಸ್ವಯಂ ಪರೀಕ್ಷೆ ಎಂದರೆ ಯಾರ ಪರೀಕ್ಷೆ?

ಲ್ಯಾಬ್‌ನವರು ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವುದನ್ನೂ ಕೆಲವರು ‘ಸ್ವಯಂ ಪರೀಕ್ಷೆ’ ಎಂದೇ ಬರೆಯುತ್ತಾರೆ. ಅಲ್ಲ. ಎಚ್‌ಐವಿ ವಿಷಯದಲ್ಲಿ ಸ್ವಯಂ ಪರೀಕ್ಷೆ ಅಂದರೆ ಮಾದರಿ ತೆಗೆಯುವುದರಿಂದ ಹಿಡಿದು ಫಲಿತಾಂಶ ಓದುವವರೆಗೆ ಎಲ್ಲ ತಾನೇ ಮಾಡಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿದ್ದು ಇದನ್ನು.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯದ್ದು. ಬಸುರಿಯ ಎಚ್‌ಐವಿ ಪರೀಕ್ಷೆ ನೆಗೆಟಿವ್ ಬಂದರೆ ಗಂಡ ‘ಹಂಗಾರೆ ನಂದೂ ಆತು ಬಿಡು’ ಅಂತಾನೆ. ಆಗಿಲ್ಲ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳು ಬೇಕಾದಷ್ಟಿದ್ದಾರೆ. ಆ ವರದಿ ಬಂದ ಮೇಲೆ, ಬಸುರಿನಲ್ಲೋ ಹಾಲೂಡಿಸುವಾಗಲೋ ಗಂಡನಿಂದ ಸೋಂಕು ತಗುಲಿದರೆ ಮಗುವಿಗೆ ದಾಟುವ ಅಪಾಯ ಇನ್ನೂ ಹೆಚ್ಚು. ಹೊಸ ಸೋಂಕಿನಲ್ಲಿ ರಕ್ತದ ವೈರಸ್ ಪ್ರಮಾಣ ವಿಪರೀತ ಏರಿರುತ್ತದೆ.

‘ಯಜಮಾನ್ರನ್ನೂ ಕರ್ಕಂಡ್ ಬಾರಮ್ಮ’ ಎಂದು ಹೇಳಿ ಕಳಿಸಿದರೆ ಸಾಲದು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನು ಒಂದು ದಿನದ ಕೂಲಿ ಬಿಟ್ಟು ಚಿಗಟೇರಿ ಆಸ್ಪತ್ರೆಯಲ್ಲಿ ಸಾಲು ನಿಲ್ಲಬೇಕಲ್ಲ! ಕೆನ್ಯಾದ ಕಿಸುಮುವಿನಲ್ಲಿ ಬಸುರಿ, ಬಾಣಂತಿಯರ ಕೈಗೇ ಗಂಡನಿಗೆಂದು ಸ್ವಯಂ ಪರೀಕ್ಷೆಯ ಕಿಟ್ ಕೊಟ್ಟು ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಹೆಂಗಸರು ಹೇಳಿದ ಪ್ರಕಾರ, ಪರೀಕ್ಷೆಗೆ ಬನ್ನಿ ಎಂಬ ಆಹ್ವಾನ ಚೀಟಿ ಹೋದ ಕಡೆ ಶೇ 52ರಷ್ಟು, ಕಿಟ್ ಹೋದ ಕಡೆ ಶೇ 91ರಷ್ಟು ಸಂಗಾತಿಗಳು ಪರೀಕ್ಷೆ ಮಾಡಿಕೊಂಡಿದ್ದರು. ಆದರೆ ಗಂಡ ಹೊಡೆಯುತ್ತಾನೆಂಬ ಭಯ ಇರುವವಳ ಕೈಗೆ ಕಿಟ್ ಕೊಡಲೇಬಾರದು. ಒತ್ತಾಯದಿಂದ, ಗೊತ್ತಿಲ್ಲದಂತೆ ಮಾಡಿಸಿದ್ದೂ ಸ್ವಯಂ ಪರೀಕ್ಷೆಯಲ್ಲ. ನಮ್ಮ 2017ರ ಎಚ್‌ಐವಿ ಕಾಯ್ದೆ ಪರೀಕ್ಷೆಗೆ ಒಪ್ಪಿಗೆ ಬೇಕು ಅನ್ನುತ್ತದೆ.

ಬಾಯಿಯ ದ್ರವದ ಕಿಟ್ಟಿನಲ್ಲಿ ಕೆಡುವುದು ಹೆಚ್ಚಾಗಿ ಅವಸರಕ್ಕೆ. ಮಂಡಕ್ಕಿ-ಮೆಣಸಿನಕಾಯಿ, ಚಹಾ, ಎಲೆಯಡಿಕೆ ಏನೇ ಬಾಯಿಗೆ ಹಾಕಿದ್ದರೂ 15 ನಿಮಿಷ, ಹಲ್ಲುಜ್ಜಿದ್ದರೆ 30 ನಿಮಿಷ ಕಾಯಬೇಕು. ಕಡ್ಡಿಯ ಮೆತ್ತನೆ ತುದಿಯನ್ನು ಮೇಲಿನ ವಸಡಿಗೊಮ್ಮೆ, ಕೆಳಗಿನ ವಸಡಿಗೊಮ್ಮೆ ಸವರಿ ದ್ರಾವಣದ ಶೀಶೆಯಲ್ಲಿ ನಿಲ್ಲಿಸಿ. ಒರಾಕ್ವಿಕ್ ಕಿಟ್ ಆದರೆ 20ರಿಂದ 40 ನಿಮಿಷದೊಳಗೆ ಓದಬೇಕು. ಮರುದಿನ ಬೆಳಿಗ್ಗೆ ನೋಡಿದ ಗೆರೆಗೆ ಬೆಲೆಯಿಲ್ಲ. ಕಡ್ಡಿಯ ಮೇಲಿನ ‘ಸಿ’ ಗುರುತಿನ ಬಳಿ ಗೆರೆ ಮೂಡದಿದ್ದರೆ ಪರೀಕ್ಷೆಯೇ ಕೆಟ್ಟಿದೆ. ‘ಸಿ’ ಜೊತೆಗೆ ‘ಟಿ’ ಬಳಿಯೂ ಗೆರೆ ಬಂದರೆ, ಅದು ಎಷ್ಟೇ ಮಸುಕಾಗಿರಲಿ, ರಿಯಾಕ್ಟಿವ್, ಅಂದರೆ ಸೋಂಕಿನ ಸುಳಿವು ಇದೆ.

ರಿಯಾಕ್ಟಿವ್ ಅಂದ ಮಾತ್ರಕ್ಕೆ ಎಚ್‌ಐವಿ ಖಚಿತವಾಯಿತು ಅಂತಲ್ಲ. ಐಸಿಟಿಸಿಯಲ್ಲಿ (ಸರ್ಕಾರದ ಎಚ್‌ಐವಿ ಆಪ್ತಸಮಾಲೋಚನೆ, ಪರೀಕ್ಷಾ ಕೇಂದ್ರ) ಉಚಿತವಾಗಿ ಮೂರು ಬೇರೆ ಬೇರೆ ಬಗೆಯ ಪರೀಕ್ಷೆ ಮಾಡಿದ ಮೇಲೇ ಖಚಿತ. ಹಾಗೇ, ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು; ಅದು ಮೂಡಲು ಸಮಯ ಬೇಕು. ಕಳೆದ ಮೂರು ತಿಂಗಳಲ್ಲಿ ಸೋಂಕು ತಗುಲಬಹುದಾದ ಸಂಪರ್ಕವಾಗಿದ್ದರೆ ನೆಗೆಟಿವ್ ಬಂದರೂ ಮತ್ತೆ ಪರೀಕ್ಷೆ ಮಾಡಿಕೊಳ್ಳಬೇಕು. ಈಗಾಗಲೇ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆಯಲ್ಲಿರುವವರು ಈ ಕಿಟ್ ಬಳಸಲೇಬಾರದು, ತಪ್ಪು ನೆಗೆಟಿವ್ ಬರಬಹುದು.