ಕಣ್ಣೀರು ಹಾಕಿದರೆ ಕಳಂಕ ಹೋಗುತ್ತದೆಯೇ?

ಪ್ರಶ್ನೆ: ಮೋಸ ಮಾಡಿ ಸಿಕ್ಕಿಬಿದ್ದ ಆಟಗಾರ ಪತ್ರಿಕಾಗೋಷ್ಠಿಯಲ್ಲಿ ಅಳುತ್ತಾನೆ. ಒಂದೆರಡು ವರ್ಷದಲ್ಲಿ ಮತ್ತೆ ಮೈದಾನಕ್ಕಿಳಿದು ಚಪ್ಪಾಳೆ ಗಿಟ್ಟಿಸುತ್ತಾನೆ. ಕೆಟ್ಟ ಹೆಸರನ್ನು ಇಷ್ಟು ಸುಲಭವಾಗಿ ಸರಿಮಾಡಿಕೊಳ್ಳಬಹುದೇ?

ಹುಬ್ಬಳ್ಳಿ, ಗದಗದ ಕಡೆಯ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೆ ಕಾರಣವೂ ಇದೆ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಗೆದ್ದದ್ದು ಹುಬ್ಬಳ್ಳಿ ಟೈಗರ್ಸ್. ಗೆದ್ದ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಫೈನಲ್‌ನಲ್ಲಿ ಎದುರಾಳಿ ತಂಡದ ಇಬ್ಬರು ಹಣ ಪಡೆದು ನಿಧಾನವಾಗಿ ಬ್ಯಾಟ್ ಬೀಸಿದರು ಎಂಬ ಆರೋಪ ಬಂದು, ನವೆಂಬರ್‌ನಲ್ಲಿ ಪೊಲೀಸರು ಅವರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಿತು. ಮ್ಯಾಚ್ ಫಿಕ್ಸಿಂಗ್ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯ ವ್ಯಾಖ್ಯೆಗೆ ಒಳಪಡುವುದಿಲ್ಲ, ಶಿಸ್ತು ಕ್ರಮ ಕೈಗೊಳ್ಳುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದಿತು. ಆರೋಪ ಸತ್ಯವೋ ಸುಳ್ಳೋ ಎಂಬುದು ಇತ್ಯರ್ಥವಾಗಲೇ ಇಲ್ಲ. ಬೆವರು ಸುರಿಸಿ ಗೆದ್ದ ನಮ್ಮ ಹುಡುಗರ ಕಪ್ಪಿನ ಮೇಲೂ ಅನುಮಾನದ ನೆರಳು ಬಿತ್ತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಈಗ ಪ್ರಶ್ನೆಗೆ ಬರೋಣ. ಸುಲಭವಲ್ಲ. ಆದರೆ ಸಾಧ್ಯ. ತಪ್ಪು ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಸಿಕ್ಕಿಬಿದ್ದ ಮೇಲೆ ಆಟಗಾರ ಯಾರ ಎದುರು ತಲೆ ಬಾಗಿಸಿದ ಎನ್ನುವುದು ಮುಖ್ಯ ಎಂದು ನನ್ನ ಅಭಿಪ್ರಾಯ.

ಸ್ಟೀವ್ ಸ್ಮಿತ್ ಅವರನ್ನೇ ನೋಡಿ. 2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಆಟಗಾರ ಉಪ್ಪುಕಾಗದದಿಂದ ಚೆಂಡು ಉಜ್ಜಿದ್ದು ಕ್ಯಾಮೆರಾ ಕಣ್ಣಿಗೆ ಬಿತ್ತು. ನಾಯಕ ಸ್ಮಿತ್ ಮತ್ತು ಉಪನಾಯಕ ಡೇವಿಡ್ ವಾರ್ನರ್ ಅವರಿಗೆ ಒಂದು ವರ್ಷ, ಚೆಂಡು ಉಜ್ಜಿದ ಬ್ಯಾಂಕ್ರಾಫ್ಟ್ ಅವರಿಗೆ ಒಂಬತ್ತು ತಿಂಗಳು ನಿಷೇಧ. ಸಿಡ್ನಿ ವಿಮಾನ ನಿಲ್ದಾಣದಲ್ಲಿ ಸ್ಮಿತ್ ಬಿಕ್ಕಿ ಬಿಕ್ಕಿ ಅತ್ತಾಗ, ಹಿಂದೆ ನಿಂತ ತಂದೆ ಮಗನ ಹೆಗಲ ಮೇಲೆ ಕೈಯಿಟ್ಟಿದ್ದರು. ಆ ದೃಶ್ಯ ಎಷ್ಟೋ ಜನರ ಮನಸ್ಸು ಕರಗಿಸಿತು. ಆದರೂ ಮರುವರ್ಷ ಇಂಗ್ಲೆಂಡ್‌ನಲ್ಲಿ ಪ್ರೇಕ್ಷಕರು ಅವರನ್ನು ಬಿಡದೆ ಮೂದಲಿಸಿದರು. ಓವಲ್ ಮೈದಾನದ ವಿಶ್ವಕಪ್ ಪಂದ್ಯದಲ್ಲಿ ಭಾರತೀಯ ಅಭಿಮಾನಿಗಳೂ ಕೂಗತೊಡಗಿದಾಗ, ವಿರಾಟ್ ಕೊಹ್ಲಿ ಆ ಅಭಿಮಾನಿಗಳತ್ತ ತಿರುಗಿ, ಚಪ್ಪಾಳೆ ತಟ್ಟಿರಿ ಎಂದು ಸನ್ನೆ ಮಾಡಿದರು. ಎದುರಾಳಿ ನಾಯಕನ ಆ ಒಂದು ಸನ್ನೆ ಹತ್ತು ಪತ್ರಿಕಾಗೋಷ್ಠಿಗಳಿಗೆ ಸಮ ಎಂದು ನಾನು ಭಾವಿಸುತ್ತೇನೆ. ನಂತರದ ಆಷಸ್ ಸರಣಿಯಲ್ಲಿ ಸ್ಮಿತ್ ನಾಲ್ಕೇ ಟೆಸ್ಟ್‌ಗಳಲ್ಲಿ 774 ರನ್ ಗಳಿಸಿದರು.

ರನ್ನುಗಳು ಜನರಿಗೆ ತಪ್ಪನ್ನು ಮರೆಸುತ್ತವೆ, ನಿಜ. ಆದರೆ ಜೊತೆಯಲ್ಲಿ ಆಡಿದವರು ಅಷ್ಟು ಬೇಗ ಮರೆಯುವುದಿಲ್ಲ. ಪಾಕಿಸ್ತಾನದ ಮೊಹಮ್ಮದ್ ಆಮಿರ್ 2010ರಲ್ಲಿ ಲಾರ್ಡ್ಸ್‌ನಲ್ಲಿ ಹಣಕ್ಕಾಗಿ ನೋಬಾಲ್ ಹಾಕಿದಾಗ ಅವರಿಗೆ 18 ವರ್ಷ. ಮೊದಲು ನಿರಾಕರಿಸಿದರು, ಆಮೇಲೆ ಇಂಗ್ಲೆಂಡ್‌ನ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸೆರೆವಾಸ ಅನುಭವಿಸಿದರು. ಐದು ವರ್ಷದ ನಿಷೇಧದ ನಂತರ ತಂಡದ ಶಿಬಿರಕ್ಕೆ ಬಂದಾಗ ಸಹ ಆಟಗಾರರಾದ ಹಫೀಜ್ ಮತ್ತು ಅಜರ್ ಅಲಿ ಅವರೊಂದಿಗೆ ಅಭ್ಯಾಸ ಮಾಡಲು ಮೊದಲಿಗೆ ಒಪ್ಪಲೇ ಇಲ್ಲ. ಆ ಇಬ್ಬರ ಸಿಟ್ಟು ನನಗೆ ಅರ್ಥವಾಗುತ್ತದೆ. ಮೋಸ ನಡೆದದ್ದು ಅವರ ಆಟಕ್ಕೇ ಅಲ್ಲವೇ?

ನಮ್ಮ ಕಡೆಯ ಜಾತ್ರೆಯ ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಬ್ಬರು ಪೈಲ್ವಾನರು ಮೊದಲೇ ಮಾತಾಡಿಕೊಂಡು ಕಣಕ್ಕಿಳಿದರೆ, ಪಟ್ಟು ಹಾಕಿದಂತೆ ಮಾಡಿ ಬಿಡುವುದು, ಕುತ್ತಿಗೆಯ ಮೇಲೆ ಕೈಯಿಟ್ಟು ಸುಮ್ಮನೆ ಸುತ್ತುವುದು, ಸುತ್ತ ಕುಳಿತ ಹಿರಿಯರ ಕಣ್ಣಿಗೆ ಬೇಗ ಬೀಳುತ್ತದೆ. ಕೂಗು ಏಳುತ್ತದೆ. ಅಂಥವನು ಮುಂದಿನ ಜಾತ್ರೆಗೆ ಬಂದು ಎಷ್ಟು ಕೈಮುಗಿದರೂ, ಜೋಡಿ ಕಟ್ಟುವವರು ಅವನಿಗೆ ಸುಲಭದ ಎದುರಾಳಿಯನ್ನು ಕೊಡುವುದಿಲ್ಲ. ಗಟ್ಟಿಗನ ಎದುರು ನಿಲ್ಲಿಸುತ್ತಾರೆ, ಅಲ್ಲಿ ಸೋತರೂ ನಿಜವಾಗಿ ಸೋಲಬೇಕು.

ಇನ್ನು ಕೆಲವರು ಕಟ್ಟಕಡೆಯವರೆಗೂ ಸುಳ್ಳನ್ನೇ ನೆಚ್ಚಿಕೊಳ್ಳುತ್ತಾರೆ. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕ್ಯಾನ್ಸರ್ ಗೆದ್ದು ಬಂದವರು. 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದರು. ಉದ್ದೀಪನ ಮದ್ದಿನ ಬಗ್ಗೆ ಬಾಯಿ ಬಿಟ್ಟವರ ಹೆಸರು ಕೆಡಿಸಿದರು, ವರದಿ ಬರೆದ ಬ್ರಿಟಿಷ್ ಪತ್ರಿಕೆಯ ಮೇಲೆ ದಾವೆ ಹೂಡಿ ಹಣ ಪಡೆದರು. 2012ರಲ್ಲಿ ಏಳೂ ಪ್ರಶಸ್ತಿಗಳು ಕೈಬಿಟ್ಟ ಮೇಲೆ, 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೀ ಅವರ ಎದುರು ಕುಳಿತು, ಆ ಏಳೂ ಗೆಲುವುಗಳಲ್ಲಿ ಮದ್ದು ತೆಗೆದುಕೊಂಡದ್ದನ್ನು ಒಪ್ಪಿಕೊಂಡರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಮದ್ದು ತೆಗೆದುಕೊಂಡದ್ದನ್ನು ಕ್ಷಮಿಸಲು ಸಿದ್ಧರಿದ್ದವರೂ, ಸತ್ಯ ಹೇಳಿದವರನ್ನು ತುಳಿದದ್ದನ್ನು ಕ್ಷಮಿಸಲಿಲ್ಲ.

ಕೋರ್ಟಿನ ದಾರಿ ಬೇರೆ. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಪ್ರಕರಣದಲ್ಲಿ ಬೌಲರ್ ಶ್ರೀಶಾಂತ್ ಅವರನ್ನು ದೆಹಲಿ ನ್ಯಾಯಾಲಯ 2015ರಲ್ಲಿ ಆರೋಪಮುಕ್ತಗೊಳಿಸಿದರೂ ಮಂಡಳಿಯ ನಿಷೇಧ ಮುಂದುವರಿಯಿತು. ಆಜೀವ ನಿಷೇಧ ಏಳು ವರ್ಷಕ್ಕೆ ಇಳಿದದ್ದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ ಮೇಲೆ. ನಡುವೆ ಅವರು ಚುನಾವಣೆಗೆ ನಿಂತರು, ಬಿಗ್ ಬಾಸ್ ಮನೆಗೂ ಹೋಗಿ ಬಂದರು. ಟಿವಿಯಿಂದ ಪ್ರಚಾರ ಸಿಗುತ್ತದೆ. ಕಳೆದುಹೋದ ವಿಶ್ವಾಸ ಸಿಗುತ್ತದೆ ಎಂದು ನನಗೆ ಅನಿಸುವುದಿಲ್ಲ.

ನಮ್ಮವರೇ ಆದ ಕೆ.ಎಲ್. ರಾಹುಲ್ ಅವರದು ಆಟದ ಮೋಸವಲ್ಲ, ಟಿವಿ ಕಾರ್ಯಕ್ರಮವೊಂದರಿಂದ ಎದ್ದ ವಿವಾದ. 2019ರಲ್ಲಿ ಮಂಡಳಿಯ ದೂರು ವಿಚಾರಿಸುವ ಒಂಬುಡ್ಸ್‌ಮನ್ ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯ ಅವರಿಗೆ ತಲಾ 20 ಲಕ್ಷ ರೂಪಾಯಿ ದಂಡ ಹಾಕಿದರು. ಅರ್ಧ ಹಣ ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಯ ಹತ್ತು ಕಾನ್‌ಸ್ಟೆಬಲ್‌ಗಳ ಕುಟುಂಬಗಳಿಗೆ, ಇನ್ನರ್ಧ ಅಂಧರ ಕ್ರಿಕೆಟ್‌ಗೆ. ಆ ತೀರ್ಮಾನ ನನಗೆ ಹಿಡಿಸಿತು.

ಇವರೆಲ್ಲ ದೊಡ್ಡವರು, ಹೆಸರು ಕಾಯಲು ವಕೀಲರೂ ಸಲಹೆಗಾರರೂ ಇರುತ್ತಾರೆ. ಧಾರವಾಡದ ಟ್ರ್ಯಾಕ್‌ನಲ್ಲಿ ಓಡುವ, ಗದಗದಲ್ಲಿ ಸೈಕಲ್ ತುಳಿಯುವ ಮಕ್ಕಳಿಗೆ ಯಾರಿದ್ದಾರೆ? 2011ರಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ನಮ್ಮ ರಾಜ್ಯದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ, ಅದಕ್ಕೆ ತರಬೇತುದಾರರು ಕೊಟ್ಟ ಜಿನ್ಸೆಂಗ್ ಎಂಬ ಗಿಡಮೂಲಿಕೆ ಕಾರಣ ಎಂದಿದ್ದರು. ಆದರೂ ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೆ ಏರಿಸಿತು. ದೇಹದೊಳಗೆ ಹೋದದ್ದಕ್ಕೆ ಆಟಗಾರರೇ ಹೊಣೆ ಎನ್ನುವುದು ನಿಯಮ. ನಿಷೇಧದ ಕಾಲದಲ್ಲಿ ತಂಡದೊಂದಿಗೆ ಅಭ್ಯಾಸವನ್ನೂ ಮಾಡುವಂತಿಲ್ಲ, ಕೊನೆಯ ಸ್ವಲ್ಪ ಅವಧಿಗೆ ಮಾತ್ರ ವಿನಾಯಿತಿ.

ಉದ್ದೀಪನ ಮದ್ದು ತಡೆಯುವ ಇದೇ ನಿಯಮಾವಳಿಯಲ್ಲಿ ಇನ್ನೊಂದು ಅಂಶವಿದೆ, ಪಾಲಕರು ತಿಳಿದಿರಲಿ. ನಾಲ್ಕು ವರ್ಷ ಅಥವಾ ಅದಕ್ಕೂ ಹೆಚ್ಚಿನ ನಿಷೇಧ ಎದುರಿಸುವ ಆಟಗಾರ, ಆರೋಪದ ನೋಟಿಸ್ ಬಂದ 20 ದಿನಗಳೊಳಗೆ ತಪ್ಪು ಒಪ್ಪಿಕೊಂಡು ಶಿಕ್ಷೆ ಸ್ವೀಕರಿಸಿದರೆ ಒಂದು ವರ್ಷ ಕಡಿತವಾಗುತ್ತದೆ. ನೋಟಿಸ್ ಬಂದ ಮನೆಯಲ್ಲಿ ಮೊದಲು ಮೂಡುವುದು ಬಚ್ಚಿಡುವ ಆಸೆ. ಹಾಗೆ ಮಾಡಬೇಡಿ. ಅಂದೇ ತರಬೇತುದಾರರ ಬಳಿ ಹೋಗಿ, ಕೊಟ್ಟ ಪುಡಿಯ ಡಬ್ಬಿ, ಔಷಧದ ಚೀಟಿ, ಅಂಗಡಿಯ ರಸೀದಿ ಎಲ್ಲವನ್ನೂ ಒಂದೆಡೆ ಇಟ್ಟು, ನಡೆದದ್ದನ್ನು ನಡೆದಂತೆಯೇ ಬರೆಯಿಸಿ.